ನೆಲಕ್ಕೆ ಬಿದ್ದ ಜೋಳಕ್ಕೆ ಮೇಲೆ ಯಾವ ಕಡೆ ಅಂತ ಹೇಗೆ ಗೊತ್ತಾಯಿತು?

ಕಳೆದ ವರ್ಷ ಎಳ್ಳಮಾಸಿಗೆ ಇನ್ನೂ ಮೂರು ವಾರ ಇತ್ತು. ಭಾನುವಾರ ಬೆಳಿಗ್ಗೆ ಊರಿಂದ ಅಪ್ಪನ ಫೋನ್ ಬಂತು. ರಾತ್ರಿ ಮಳೆ ಗಾಳಿ ಎರಡೂ ಒಟ್ಟಿಗೆ ಬಂದು ಎರಿ ಹೊಲದ ಬಿಳಿಜೋಳ ಅರ್ಧದಷ್ಟು ಮಲಗಿಬಿಟ್ಟಿದೆ ಅಂದರು. ನಮ್ಮೂರು ಜೇವರ್ಗಿ ತಾಲೂಕಿನಲ್ಲಿದೆ, ನಾನಿರುವುದು ಕಲಬುರಗಿಯಲ್ಲಿ. ಚಹಾ ಕೂಡ ಕುಡಿಯದೆ ಬೈಕ್ ಹತ್ತಿದೆ.

ಬದುವಿನ ಮೇಲೆ ನಿಂತು ನೋಡಿದಾಗ ಹೊಟ್ಟೆಯಲ್ಲಿ ಸಂಕಟ ಆಯಿತು. ಎದೆ ಎತ್ತರ ಬೆಳೆದಿದ್ದ ಜೋಳ. ತೆನೆ ಇನ್ನೂ ಹೊಡೆಯೊಳಗೇ ಇತ್ತು. ಎಲ್ಲವೂ ಒಂದೇ ದಿಕ್ಕಿಗೆ, ಬಾಚಣಿಗೆಯಿಂದ ಬಾಚಿದ ಹಾಗೆ ಬಿದ್ದಿದ್ದವು. ನಾಲ್ಕು ನಾಲ್ಕು ದಂಟು ಸೇರಿಸಿ ಕಟ್ಟಿ ನಿಲ್ಲಿಸೋಣ ಅಂತ ನಾನು ಹಗ್ಗ ಹುಡುಕಲು ಹೊರಟೆ. ಅಪ್ಪ ತಡೆದರು. ಬಗ್ಗಿ ಒಂದು ದಂಟಿನ ಗೆಣ್ಣು ಹಿಸುಕಿ ನೋಡಿದರು. "ಕೈ ಹಚ್ಚಬ್ಯಾಡ. ಗೆಣ್ಣು ಇನ್ನಾ ಹಸಿ ಅದಾವ. ತಾವೇ ಏಳ್ತಾವ ಬಿಡು" ಅಂದರು.

ಮುಂದಿನ ಭಾನುವಾರ ಹೋದಾಗ ನಿಜವಾಗಿ ಎದ್ದಿದ್ದವು.

ಪೂರ್ತಿ ಎದ್ದಿದ್ದವು ಅಂತಲ್ಲ. ಬುಡದ ಒಂದೆರಡು ಗೇಣು ನೆಲದ ಮೇಲೇ ಅಡ್ಡ ಇತ್ತು. ಅಲ್ಲಿಂದ ಮುಂದೆ ಒಂದು ಗೆಣ್ಣಿನಲ್ಲಿ ಸ್ವಲ್ಪ ಬಾಗಿ, ಮುಂದಿನ ಗೆಣ್ಣಿನಲ್ಲಿ ಇನ್ನೂ ಸ್ವಲ್ಪ ಬಾಗಿ, ನಾಲ್ಕನೇ ಗೆಣ್ಣಿನ ಹೊತ್ತಿಗೆ ದಂಟು ನೆಟ್ಟಗೆ ಆಕಾಶಕ್ಕೆ ನಿಂತಿತ್ತು. ಒಂದಲ್ಲ ಎರಡಲ್ಲ, ಸಾಲಿಗೆ ಸಾಲೇ ಹಾಗೆ. ನಾನು ಒಂದು ದಂಟನ್ನು ಕುಡುಗೋಲಿನಿಂದ ಕೊಯ್ದು, ಬದುವಿನ ಮೇಲೆ ಕೂತು, ಹತ್ತಿರದಿಂದ ನೋಡಿದೆ. ಎರಡು ಗೆಣ್ಣಿನ ನಡುವಿನ ಭಾಗ ಕೋಲಿನ ಹಾಗೆ ನೇರವಾಗೇ ಇತ್ತು. ಬಾಗಿದ್ದು ಗೆಣ್ಣಿನ ಹತ್ತಿರ ಮಾತ್ರ. ಗೆಣ್ಣಿನ ಸ್ವಲ್ಪ ಮೇಲೆ, ಎಲೆಯ ಬುಡ ದಂಟನ್ನು ಸುತ್ತಿಕೊಂಡಿರುವ ಕಡೆ, ಬಿಳಿಹಸಿರು ಬಣ್ಣದ ಒಂದು ಉಬ್ಬು ಇರುತ್ತದೆ, ಉಂಗುರ ತೊಡಿಸಿದ ಹಾಗೆ. ನಿಂತ ದಂಟಿನಲ್ಲಿ ಆ ಉಂಗುರ ಸುತ್ತಲೂ ಒಂದೇ ಅಗಲ. ಬಿದ್ದು ಎದ್ದ ದಂಟಿನಲ್ಲಿ ಹಾಗಿರಲಿಲ್ಲ. ಆಕಾಶದ ಕಡೆಗಿದ್ದ ಭಾಗ ಹಾಗೇ ಕಿರಿದಾಗಿತ್ತು, ನೆಲದ ಕಡೆಗಿದ್ದ ಭಾಗ ಅದರ ಎರಡು ಪಟ್ಟು ಬೆಳೆದು ಉದ್ದ ಆಗಿತ್ತು. ಒಂದೊಂದು ಗೆಣ್ಣಿಗೂ ಕೆಳಗಿನಿಂದ ಯಾರೋ ಬೆಣೆ ಹೊಡೆದು ಎತ್ತಿದ ಹಾಗೆ.

ಅವತ್ತಿನಿಂದ ತಲೆಯಲ್ಲಿ ಒಂದೇ ಪ್ರಶ್ನೆ. ಬಿದ್ದ ದಂಟಿಗೆ ತಾನು ಬಿದ್ದಿದ್ದೇನೆ ಅಂತ ಗೊತ್ತಾಗುವುದು ಹೇಗೆ? ಕಣ್ಣಿಲ್ಲ, ಕಿವಿಯಿಲ್ಲ, ತಲೆಯಿಲ್ಲ. ಶಾಲೆಯಲ್ಲಿ ನಮಗೆ ಇದನ್ನು ಒಂದೇ ಸಾಲಿನಲ್ಲಿ ಹೇಳಿ ಮುಗಿಸಿದ್ದರು: ಬೇರು ಕೆಳಗೆ, ಕಾಂಡ ಮೇಲೆ, ಇದಕ್ಕೆ ಗುರುತ್ವಾನುವರ್ತನೆ ಎನ್ನುತ್ತಾರೆ. ಹೆಸರು ಬಾಯಿಪಾಠ ಆಯಿತು, ಒಳಗೆ ಏನು ನಡೆಯುತ್ತದೆ ಅಂತ ಯಾರೂ ಕೇಳಲಿಲ್ಲ, ಯಾರೂ ಹೇಳಲಿಲ್ಲ. ಇಷ್ಟು ಚೆಂದದ ವಿಷಯವನ್ನು ಒಂದು ಸಾಲಿಗೆ ಇಳಿಸಿದ್ದು ನನಗೆ ಈಗಲೂ ಬೇಸರ.

ಮೊದಲು ಅನ್ನಿಸಿದ್ದು ಬೆಳಕು. ಸೂರ್ಯ ಮೇಲಿದ್ದಾನೆ, ಗಿಡ ಅತ್ತ ತಿರುಗುತ್ತದೆ, ಮುಗಿಯಿತು ಅಂತ. ಅಡುಗೆಮನೆಯಲ್ಲಿ ಅಮ್ಮನಿಗೆ ಇದನ್ನೇ ಹೇಳಿದೆ. ಅವರು ರೊಟ್ಟಿ ಬಡಿಯುತ್ತಲೇ, "ಮತ್ತ ಘಟದ ಸಸಿ?" ಅಂತ ಕೇಳಿದರು.

ನನಗೆ ಒಂದು ನಿಮಿಷ ಮಾತೇ ಹೊರಡಲಿಲ್ಲ. ನವರಾತ್ರಿಗೆ ನಮ್ಮ ಮನೆಯಲ್ಲಿ ದೇವರ ಜಗಲಿ ಮೇಲೆ ಘಟ ಇಡುತ್ತೇವೆ. ಹೊಲದಿಂದ ತಂದ ಕರಿ ಮಣ್ಣು ಹರಡಿ, ಗೋಧಿ, ಜೋಳ ಎಲ್ಲ ಬಿತ್ತಿ, ನಡುವೆ ಕೊಡ ಇಟ್ಟು, ದಿನಾ ನೀರು ಚಿಮುಕಿಸುತ್ತೇವೆ. ಆ ಕೋಣೆಗೆ ಕಿಟಕಿ ಇಲ್ಲ. ಮೇಲೊಂದು ಬಟ್ಟೆ ಬೇರೆ ಮುಚ್ಚಿರುತ್ತೇವೆ. ದಸರೆ ಹೊತ್ತಿಗೆ ಬಟ್ಟೆ ತೆಗೆದರೆ ಗೇಣುದ್ದ ಸಸಿ, ಅರಿಸಿನ ಹಚ್ಚಿದ ಹಾಗೆ ಹಳದಿ. ಬೆಳಕು ಕಾಣದ್ದಕ್ಕೆ ಹಸಿರು ಬಂದಿಲ್ಲ. ಆದರೆ ಎಲ್ಲ ನೆಟ್ಟಗೆ ನಿಂತಿರುತ್ತವೆ! ಕತ್ತಲಲ್ಲಿ ಹುಟ್ಟಿ, ಕತ್ತಲಲ್ಲೇ ಬೆಳೆದು, ಒಂದೂ ಅಡ್ಡ ಹೋಗಿರುವುದಿಲ್ಲ. ಪ್ರತಿವರ್ಷ ಆ ಸಸಿಯನ್ನು ಕಿವಿಗೆ ಸಿಕ್ಕಿಸಿಕೊಂಡು ಬನ್ನಿ ಕೊಡಲು ಹೋಗಿದ್ದೇನೆ, ಇದು ಮಾತ್ರ ಹೊಳೆದಿರಲಿಲ್ಲ. ಬೆಳಕಿನ ಕಡೆ ಗಿಡ ವಾಲುತ್ತದೆ ಅನ್ನುವುದೂ ನಿಜ. ಆದರೆ ಕತ್ತಲಲ್ಲಿ ಮೇಲೆ ಕೆಳಗೆ ತಿಳಿಯಬೇಕಾದರೆ ಇರುವ ಗುರುತು ಒಂದೇ, ಭೂಮಿಯ ಸೆಳೆತ.

ಇದನ್ನು ಮೊದಲು ಗಟ್ಟಿಯಾಗಿ ತೋರಿಸಿದವನು ಥಾಮಸ್ ಆಂಡ್ರ್ಯೂ ನೈಟ್ ಅನ್ನುವ ಇಂಗ್ಲೆಂಡಿನ ತೋಟಗಾರ, 1806ರಲ್ಲಿ. ಅವನ ಉಪಾಯ ನನಗೆ ತುಂಬಾ ಇಷ್ಟ. ಭೂಮಿಯ ಸೆಳೆತವನ್ನು ತೆಗೆದುಹಾಕಲು ಯಾರಿಗೂ ಆಗದು. ಆದರೆ ಅದನ್ನು ಗೊಂದಲ ಮಾಡಬಹುದಲ್ವಾ? ತನ್ನ ತೋಟದಲ್ಲಿ ಹರಿಯುವ ತೊರೆಗೆ ಒಂದು ಚಕ್ರ ಕಟ್ಟಿ, ಅದರ ಅಂಚಿಗೆ ನೆನೆಸಿದ ಅವರೆ ಜಾತಿಯ ಕಾಳುಗಳನ್ನು ಬಿಗಿದು, ನಿಮಿಷಕ್ಕೆ 150 ಸುತ್ತಿನ ಹಾಗೆ ಹಗಲು ರಾತ್ರಿ ತಿರುಗಲು ಬಿಟ್ಟ. ಚಕ್ರ ನೆಟ್ಟಗೆ ನಿಂತು ತಿರುಗುತ್ತಿತ್ತು, ಎತ್ತಿನ ಗಾಡಿಯ ಗಾಲಿಯ ಥರ. ಕಾಳು ಒಂದು ಕ್ಷಣ ತಲೆ ಮೇಲೆ, ಮರುಕ್ಷಣ ತಲೆ ಕೆಳಗೆ. ಹಾಗಾಗಿ ಕೆಳಗೆ ಅನ್ನುವ ದಿಕ್ಕೇ ಅದಕ್ಕೆ ಉಳಿಯಲಿಲ್ಲ. ಉಳಿದದ್ದು ತಿರುಗುವಾಗ ಹೊರಗೆ ತಳ್ಳುವ ಬಲ. ಶರಣಬಸವೇಶ್ವರ ಜಾತ್ರೆಯಲ್ಲಿ ಸುತ್ತು ತಿರುಗುವ ಕುರ್ಚಿಯಲ್ಲಿ ಕೂತರೆ ಮೈಯನ್ನು ಹೊರಗೆ ಎಳೆಯುತ್ತದಲ್ಲ, ಅದೇ. ಮೊಳಕೆ ಬಂದಾಗ ಬೇರುಗಳೆಲ್ಲ ಚಕ್ರದ ಹೊರಗಡೆಗೆ, ಕುಡಿಗಳೆಲ್ಲ ಚಕ್ರದ ನಡುವಿಗೆ ಹೋಗಿದ್ದವು. ಅಂದರೆ ಬೇರಿಗೆ ಮಣ್ಣು ಬೇಕಾಗಿರಲಿಲ್ಲ, ಕತ್ತಲೂ ಬೇಕಾಗಿರಲಿಲ್ಲ. ತನ್ನ ಮೈಯೊಳಗಿನ ಭಾರ ಯಾವ ಕಡೆ ಜಗ್ಗುತ್ತದೋ ಅದೇ ಅದಕ್ಕೆ ಕೆಳಗೆ. ಆಮೇಲೆ ಚಕ್ರವನ್ನು ಮಲಗಿಸಿ, ಬೀಸುವ ಕಲ್ಲಿನ ಹಾಗೆ, ನಿಮಿಷಕ್ಕೆ 250 ಸುತ್ತು ತಿರುಗಿಸಿದ. ಈಗ ಎರಡೂ ಬಲ ಸೇರಿದವು. ಬೇರುಗಳು ಹೊರಗೆ ಹೋದವು, ಜೊತೆಗೆ ಸ್ವಲ್ಪ ಕೆಳಗೂ ಇಳಿದವು, ಎರಡು ಕಡೆಯ ಎಳೆತವನ್ನೂ ಲೆಕ್ಕ ಹಾಕಿದ ಹಾಗೆ.

ನನ್ನ ಹತ್ತಿರ ತೊರೆಯೂ ಇಲ್ಲ, ಚಕ್ರವೂ ಇಲ್ಲ. ಆದರೆ ಕಡಲೆ ಇತ್ತು. ಒಂದು ಮುಷ್ಟಿ ಕಡಲೆ ರಾತ್ರಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿಟ್ಟೆ. ಮೂಗು ಹೊರಬಂದ ಮೇಲೆ ಮಿಠಾಯಿಯ ಪಾರದರ್ಶಕ ಡಬ್ಬಿಯೊಳಗೆ ಹಸಿ ಪೇಪರ್ ಹಾಸಿ, ಹತ್ತು ಕಾಳನ್ನು ಬೇರು ಕೆಳಗೆ ಬರುವ ಹಾಗೆ ಜೋಡಿಸಿ, ಅಲುಗದಂತೆ ಹತ್ತಿ ಒತ್ತಿ, ಡಬ್ಬಿಯನ್ನು ನಿಲ್ಲಿಸಿ ಅಲಮಾರಿಯೊಳಗೆ ಇಟ್ಟೆ. ಬೇರು ಒಂದು ಇಂಚು ಆದಾಗ ಡಬ್ಬಿಯನ್ನು ಮಗ್ಗುಲಿಗೆ ತಿರುಗಿಸಿದೆ. ಆಗ ಸಂಜೆ ಆರು. ಬೇರುಗಳೆಲ್ಲ ಅಡ್ಡ. ರಾತ್ರಿ ಹತ್ತಕ್ಕೆ ಬ್ಯಾಟರಿ ಹಿಡಿದು ನೋಡಿದಾಗ ತುದಿಗಳು ಕೊಂಚ ಬಾಗಿದ್ದವು. ಬೆಳಿಗ್ಗೆ ಎಲ್ಲವೂ ಕೊಕ್ಕೆಯ ಹಾಗೆ ತಿರುಗಿ ಕೆಳಗೆ ನೋಡುತ್ತಿದ್ದವು. ಮತ್ತೆ ತಿರುಗಿಸಿದೆ. ಮತ್ತೆ ತಿರುಗಿದವು. ಮೂರು ದಿನಕ್ಕೆ ಬೇರುಗಳು ಮೆಟ್ಟಿಲಿನ ಆಕಾರ ಪಡೆದಿದ್ದವು. ನಿಮ್ಮ ಮನೆಯಲ್ಲಿ ಮಕ್ಕಳಿದ್ದರೆ ಇದನ್ನು ಖಂಡಿತ ಮಾಡಿ. ಐದು ರೂಪಾಯಿ ಖರ್ಚಿಲ್ಲ, ಆದರೆ ನೋಡುತ್ತಾ ಕೂತರೆ ಊಟ ಮರೆತುಹೋಗುತ್ತದೆ.

ಆಮೇಲೆ ಇನ್ನೊಂದು ಮಾಡಿದೆ. ಅದನ್ನು ಮಾಡುವಾಗ ಕೈ ಸ್ವಲ್ಪ ನಡುಗಿತು ಅಂತಲೇ ಹೇಳಬೇಕು. ಹೊಸ ಬ್ಲೇಡಿನಿಂದ ಐದು ಕಾಳಿನ ಬೇರಿನ ತುದಿಯನ್ನು ಒಂದೇ ಒಂದು ಮಿಲಿಮೀಟರ್‌ನಷ್ಟು ಕತ್ತರಿಸಿದೆ. ಉಳಿದ ಐದನ್ನು ಹಾಗೇ ಬಿಟ್ಟೆ. ಡಬ್ಬಿ ಮಗ್ಗುಲಾಯಿತು. ಬೆಳಿಗ್ಗೆ ನೋಡಿದರೆ ತುದಿ ಇದ್ದವು ಕೆಳಗೆ ಬಾಗಿದ್ದವು. ತುದಿ ಇಲ್ಲದವುಗಳಲ್ಲಿ ನಾಲ್ಕು ಬೆಳೆದಿದ್ದವು, ಆದರೆ ಅಡ್ಡಡ್ಡ, ನೇರ. ಸತ್ತಿರಲಿಲ್ಲ, ನಿಂತಿರಲಿಲ್ಲ, ದಾರಿ ಮಾತ್ರ ತಿಳಿಯುತ್ತಿರಲಿಲ್ಲ. ಐದನೆಯದು ಬಾಗಿತ್ತು. ಅದರ ತುದಿಯನ್ನು ನಾನು ಸರಿಯಾಗಿ ಕತ್ತರಿಸಿರಲಿಲ್ಲ ಅನ್ನಿಸುತ್ತದೆ.

ಈ ಪರೀಕ್ಷೆ ಹಳೆಯದು. 1872ರಲ್ಲಿ ಚಿಯೆಸಿಯೆಲ್‌ಸ್ಕಿ ಅನ್ನುವವರು ಇದನ್ನು ಬರೆದರು. ಚಾರ್ಲ್ಸ್ ಡಾರ್ವಿನ್ ಮತ್ತು ಅವರ ಮಗ ಫ್ರಾನ್ಸಿಸ್ ಸೇರಿ ಮತ್ತೆ ಮತ್ತೆ ಮಾಡಿ ನೋಡಿ 1880ರ ಪುಸ್ತಕದಲ್ಲಿ ವಿವರಿಸಿದರು. ಅವರು ಇನ್ನೊಂದು ಸಂಗತಿ ಗಮನಿಸಿದರು. ಬೇರನ್ನು ಒಂದಷ್ಟು ಹೊತ್ತು ಅಡ್ಡ ಇಟ್ಟು, ಅದು ಇನ್ನೂ ಬಾಗುವ ಮೊದಲೇ ತುದಿ ಕತ್ತರಿಸಿದರೆ, ತುದಿ ಹೋದ ಮೇಲೂ ಬೇರು ಬಾಗುತ್ತದೆ. ಅಂದರೆ ತುದಿ ಸುದ್ದಿ ಕಳಿಸಿ ಆಗಿತ್ತು. ತಿಳಿಯುವ ಜಾಗ ಒಂದು, ಬಾಗುವ ಜಾಗ ಇನ್ನೊಂದು. ನಡುವೆ ಏನೋ ಹರಿದುಹೋಗುತ್ತದೆ. ಬೇರಿನ ತುದಿಯನ್ನು ಡಾರ್ವಿನ್ ಕೆಳಹಂತದ ಪ್ರಾಣಿಗಳ ಮಿದುಳಿಗೆ ಹೋಲಿಸಿದ್ದು ಇದಕ್ಕೇ.

ಹಾಗಾದರೆ ಆ ಒಂದು ಮಿಲಿಮೀಟರ್‌ನಲ್ಲಿ ಏನಿದೆ?

ಬೇರಿನ ತುದಿಗೆ ಒಂದು ಟೊಪ್ಪಿಗೆ ಇರುತ್ತದೆ. ಮಣ್ಣಿನಲ್ಲಿ ನುಗ್ಗುವಾಗ ಬೇರಿನ ಮೂತಿ ಕೆತ್ತಿಹೋಗದ ಹಾಗೆ ಕಾಯುತ್ತದೆ, ಸವೆಯುತ್ತದೆ, ಒಳಗಿನಿಂದ ಹೊಸದಾಗಿ ಬರುತ್ತಲೇ ಇರುತ್ತದೆ. ಆ ಟೊಪ್ಪಿಗೆಯ ನಡುಭಾಗದ ಜೀವಕೋಶಗಳಲ್ಲಿ ಪಿಷ್ಟ ತುಂಬಿದ ಸಣ್ಣ ಸಣ್ಣ ಚೀಲಗಳಿವೆ. ಪಿಷ್ಟ ಅಂದರೆ ಗಂಜಿಯಲ್ಲಿ ಇರುವುದೇ, ನಾವು ದಿನಾ ತಿನ್ನುವ ರೊಟ್ಟಿಯಲ್ಲಿ ಇರುವುದೇ. ಅದು ಕೋಶದೊಳಗಿನ ರಸಕ್ಕಿಂತ ಭಾರ. ಹಾಗಾಗಿ ಕೋಶದ ತಳದಲ್ಲಿ ಕೂತಿರುತ್ತದೆ. ಬೇರನ್ನು ತಿರುಗಿಸಿದಾಗ ಈ ಚೀಲಗಳು ಜಾರಿ, ಕೆಲವೇ ನಿಮಿಷಗಳಲ್ಲಿ ಹೊಸ ತಳಕ್ಕೆ ಬಂದು ಕೂರುತ್ತವೆ. ಇಷ್ಟೇ. ಗಿಡ ಕೆಳಗೆ ಯಾವುದು ಅಂತ ತಿಳಿಯುವುದು ತನ್ನೊಳಗೆ ಒಂದು ವಸ್ತುವನ್ನು ಬೀಳಲು ಬಿಟ್ಟು, ಅದು ಎಲ್ಲಿ ಬಿತ್ತು ಅಂತ ನೋಡಿ. ಇದನ್ನು ಹೇಳಿದ್ದು ಗಾಟ್ಲೀಬ್ ಹ್ಯಾಬರ್‌ಲಾಂಟ್ ಮತ್ತು ಬೊಹುಮಿಲ್ ನೇಮೆಟ್ಸ್. ಇಬ್ಬರೂ ಬೇರೆ ಬೇರೆಯಾಗಿ, ಒಂದೇ ವರ್ಷ, 1900ರಲ್ಲಿ. ಒಂದು ಮಾತು ಮರೆಯಬಾರದು. ಸಾಸಿವೆ ಜಾತಿಯ ಅರಾಬಿಡಾಪ್ಸಿಸ್ ಅನ್ನುವ ಪುಟ್ಟ ಗಿಡದಲ್ಲಿ ಪಿಷ್ಟವೇ ತಯಾರಾಗದ ತಳಿಗಳಿವೆ. ಅವೂ ಬಾಗುತ್ತವೆ, ಆದರೆ ತುಂಬಾ ನಿಧಾನ, ಅರೆಮನಸ್ಸಿನಿಂದ. ಚೀಲಗಳು ಹಗುರಾದಷ್ಟೂ ಸುದ್ದಿ ಮಂದ ಆಗುತ್ತದೆ.

ನಮ್ಮ ಕಿವಿಯೊಳಗೂ ಇಂಥದೇ ಒಂದು ಏರ್ಪಾಡು ಇದೆ. ಅಲ್ಲಿ ಪಿಷ್ಟದ ಬದಲು ಕ್ಯಾಲ್ಸಿಯಂ ಕಾರ್ಬೊನೇಟಿನ ಸಣ್ಣ ಹರಳುಗಳು. ತಲೆ ವಾಲಿದಾಗ ಅವು ಜರುಗಿ, ತಲೆ ಯಾವ ಕಡೆ ವಾಲಿದೆ ಅಂತ ನಮಗೆ ತಿಳಿಸುತ್ತವೆ. ನಮ್ಮ ಮನೆಯ ನೆಲಕ್ಕೆ ಹಾಸಿರುವ ಶಹಾಬಾದ್ ಕಲ್ಲು ಕೂಡ ಮುಖ್ಯವಾಗಿ ಅದೇ ಕ್ಯಾಲ್ಸಿಯಂ ಕಾರ್ಬೊನೇಟ್. ಬರಿಗಾಲಲ್ಲಿ ಆ ಕಲ್ಲಿನ ಮೇಲೆ ನಡೆಯುವಾಗ ಇದು ನೆನಪಾಗಿ ಸುಮ್ನೆ ನಿಂತುಬಿಡುತ್ತೇನೆ.

ನನಗೆ ಎಲ್ಲಕ್ಕಿಂತ ಜಾಸ್ತಿ ಹಿಡಿಸಿದ ಭಾಗ ಈಗ ಬರುತ್ತದೆ. ಪಿಷ್ಟದ ಚೀಲಗಳು ಕಾಳಿನ ಹಾಗೆ ಗುಂಡಗಿರುತ್ತವೆ. ಕಣದಲ್ಲಿ ಜೋಳದ ರಾಶಿ ನೋಡಿದ್ದೀರಲ್ವಾ? ಸುರಿದ ರಾಶಿ ಇಳಿಜಾರಾಗಿ ನಿಲ್ಲುತ್ತದೆ, ನೀರಿನ ಹಾಗೆ ಸಮ ಆಗುವುದಿಲ್ಲ. ಕಾಳು ಕಾಳಿಗೆ ತಡೆದು ನಿಲ್ಲುತ್ತದೆ. ಜೋಳ ತುಂಬಿದ ಬುಟ್ಟಿಯನ್ನು ಒಂದಿಷ್ಟೇ ವಾಲಿಸಿದರೆ ಒಳಗಿನ ಕಾಳು ಕದಲುವುದೂ ಇಲ್ಲ. ಪಿಷ್ಟದ ಚೀಲಗಳೂ ಹೀಗೆ ರಾಶಿ ಹಾಕಿಕೊಂಡು ಕೂತುಬಿಟ್ಟಿದ್ದರೆ, ಗಿಡ ಸ್ವಲ್ಪ ವಾಲಿದಾಗ ಅದಕ್ಕೆ ಏನೂ ತಿಳಿಯುತ್ತಿರಲಿಲ್ಲ. ಆದರೆ ಗಿಡಗಳು ಸಣ್ಣ ವಾಲಿಕೆಯನ್ನೂ ಗುರುತಿಸುತ್ತವೆ. ಇದು ಹೇಗೆ ಅಂತ ಫ್ರಾನ್ಸಿನ ವಿಜ್ಞಾನಿಗಳು ಗೋಧಿಯ ಸಸಿಯಲ್ಲಿ ನೋಡಿ 2018ರಲ್ಲಿ ಬರೆದರು. ಕೋಶ ಜೀವಂತ ಇರುವುದರಿಂದ ಅದರೊಳಗೆ ಸದಾ ಏನಾದರೊಂದು ಓಡಾಟ. ಆ ಓಡಾಟ ಚೀಲಗಳನ್ನು ತಳ್ಳುತ್ತಾ, ಅಲುಗಿಸುತ್ತಾ ಇರುತ್ತದೆ, ನಾವು ಸೇರು ತುಂಬುವಾಗ ಕುಲುಕುವ ಹಾಗೆ. ಕುಲುಕಿದ ಕಾಳು ಇಳಿಜಾರಾಗಿ ನಿಲ್ಲುವುದಿಲ್ಲ, ನಿಧಾನಕ್ಕೆ ಸಮ ಆಗುತ್ತದೆ. ಪಿಷ್ಟದ ಚೀಲಗಳು ಹೀಗೆ ಕಾಳಾಗಿದ್ದೂ ನೀರಿನ ಹಾಗೆ ಹರಿದು, ಎಷ್ಟೇ ಸಣ್ಣ ಓರೆ ಇದ್ದರೂ ಅದಕ್ಕೆ ತಕ್ಕ ಹಾಗೆ ಹೊಂದಿಕೊಳ್ಳುತ್ತವೆ. ಗಾರೆ ಕೆಲಸದವರ ನೀರಿನ ಮಟ್ಟದ ಕೊಳವೆ ಒಂದೊಂದು ಕೋಶದೊಳಗೂ ಇದೆ ಅಂತ ಅಂದುಕೊಳ್ಳಿ.

ಬಿದ್ದಿದ್ದು ಗೊತ್ತಾಯಿತು. ಮುಂದೆ ಸುದ್ದಿ ಹೋಗಬೇಕು. ಆ ಸುದ್ದಿಯ ಹೆಸರು ಆಕ್ಸಿನ್. ಗಿಡದೊಳಗಿನ ಒಂದು ಹಾರ್ಮೋನು. ಬೇರು ನೇರ ಇದ್ದಾಗ ಆಕ್ಸಿನ್ ತುದಿಯಿಂದ ಸುತ್ತಲೂ ಸಮವಾಗಿ ಹೋಗುತ್ತದೆ. ಅಡ್ಡ ಆದಾಗ ಕೆಳ ಮಗ್ಗುಲಿಗೆ ಹೆಚ್ಚು ಹೋಗುತ್ತದೆ. ಬೇರಿನಲ್ಲಿ ಆಕ್ಸಿನ್ ಹೆಚ್ಚಾದರೆ ಬೆಳವಣಿಗೆಗೆ ಕಡಿವಾಣ. ಹಾಗಾಗಿ ಕೆಳ ಮಗ್ಗುಲು ನಿಧಾನ ಆಗುತ್ತದೆ, ಮೇಲಿನ ಮಗ್ಗುಲು ತನ್ನ ಪಾಡಿಗೆ ಬೆಳೆಯುತ್ತದೆ, ಬೇರು ಕೆಳಗೆ ಬಾಗುತ್ತದೆ. ಕಾಂಡದಲ್ಲಿ ಇದೇ ಆಕ್ಸಿನ್ ಉಲ್ಟಾ ಕೆಲಸ ಮಾಡುತ್ತದೆ. ಅಲ್ಲೂ ಅದು ಸೇರುವುದು ಕೆಳ ಮಗ್ಗುಲಿಗೇ, ಆದರೆ ಅಲ್ಲಿ ಅದು ಬೆಳವಣಿಗೆಗೆ ಹುರುಪು ಕೊಡುತ್ತದೆ. ಕೆಳ ಮಗ್ಗುಲು ಉದ್ದ ಆಗಿ ಕಾಂಡವನ್ನು ಮೇಲೆ ಎತ್ತುತ್ತದೆ. ಒಂದೇ ಸುದ್ದಿ, ಬೇರಿಗೆ ತಲುಪಿದರೆ ನಿಲ್ಲು ಅಂತ, ಕಾಂಡಕ್ಕೆ ತಲುಪಿದರೆ ಬೆಳೆ ಅಂತ. 1920ರ ದಶಕದಲ್ಲಿ ಇದನ್ನು ಕೀವ್‌ನಲ್ಲಿದ್ದ ಖೊಲೊದ್ನಿ ಮತ್ತು ಹಾಲೆಂಡಿನ ವೆಂಟ್ ಹೇಳಿದರು. ಅದೂ ಇಬ್ಬರು, ಬೇರೆ ಬೇರೆಯಾಗಿ.

ಚೀಲ ಬಿದ್ದದ್ದಕ್ಕೂ ಆಕ್ಸಿನ್ ದಿಕ್ಕು ಬದಲಿಸಿದ್ದಕ್ಕೂ ನಡುವಿನ ಕೊಂಡಿ ಬಹಳ ಕಾಲ ಸಿಕ್ಕಿರಲಿಲ್ಲ. ಅದರ ದೊಡ್ಡ ತುಂಡು ಸಿಕ್ಕಿದ್ದು ತೀರಾ ಈಚೆಗೆ, 2023ರಲ್ಲಿ. ಲೇಜಿ ಅನ್ನುವ ಹೆಸರಿನ ಪ್ರೋಟೀನುಗಳು ಪಿಷ್ಟದ ಚೀಲದ ಹೊರಮೈಗೆ ಅಂಟಿಕೊಂಡಿರುತ್ತವೆ. ಚೀಲ ಬಿದ್ದ ಕಡೆ ಈ ಪ್ರೋಟೀನುಗಳು ಅದರಿಂದ ಇಳಿದು ಪಕ್ಕದ ಕೋಶಪೊರೆಗೆ ದಾಟುತ್ತವೆ. ಆಮೇಲೆ ಆ ಕಡೆಗೇ ಆಕ್ಸಿನ್ ಹೊರಹೋಗುವ ಬಾಗಿಲುಗಳು ಹೆಚ್ಚುತ್ತವೆ. ಲೇಜಿ ಅಂದರೆ ಸೋಮಾರಿ. ಈ ಪ್ರೋಟೀನು ಕೆಟ್ಟ ಮೆಕ್ಕೆಜೋಳ ಮೇಲೆ ಏಳದೆ ನೆಲದ ಮೇಲೇ ಹರಿದಾಡುತ್ತದೆ, ಅದಕ್ಕೆ ಆ ಹೆಸರು ಬಂತು. ನನಗೆ ಆ ಹೆಸರು ಅನ್ಯಾಯ ಅನ್ನಿಸುತ್ತದೆ. ಆ ಗಿಡ ಸೋಮಾರಿಯಲ್ಲ, ಅದಕ್ಕೆ ಮೇಲೆ ಯಾವುದು ಅಂತ ಹೇಳುವವರೇ ಇಲ್ಲ.

ಈಗ ನಮ್ಮ ಹೊಲಕ್ಕೆ ಬರುತ್ತೇನೆ. ಜೋಳ, ಗೋಧಿ, ಮೆಕ್ಕೆಜೋಳ, ಇವೆಲ್ಲ ಹುಲ್ಲಿನ ಜಾತಿ. ಇವುಗಳ ಬೆಳೆದ ದಂಟು ಎಲ್ಲೆಂದರಲ್ಲಿ ಬಾಗುವುದಿಲ್ಲ. ಗೆಣ್ಣಿನ ಮೇಲಿನ ಆ ಉಂಗುರದಲ್ಲಿ ಪಿಷ್ಟದ ಚೀಲಗಳೂ ಇವೆ, ಬೆಳೆಯುವ ಶಕ್ತಿಯೂ ಇದೆ. ತಿಳಿಯುವುದು, ಬಾಗುವುದು, ಎರಡೂ ಒಂದೇ ಜಾಗದಲ್ಲಿ. ದಂಟು ನಿಂತಿರುವಾಗ ಆ ಕೋಶಗಳು ಬೆಳವಣಿಗೆ ನಿಲ್ಲಿಸಿ ಸುಮ್ಮನಿರುತ್ತವೆ. ದಂಟು ಬಿದ್ದ ಕೂಡಲೇ ಕೆಳ ಮಗ್ಗುಲಿನವು ಮತ್ತೆ ಉದ್ದ ಆಗಲು ಶುರು ಮಾಡುತ್ತವೆ. ಒಂದೊಂದು ಗೆಣ್ಣೂ ತನ್ನ ಕೈಲಾದಷ್ಟು ಎತ್ತುತ್ತದೆ, ಉಳಿದದ್ದನ್ನು ಮುಂದಿನ ಗೆಣ್ಣಿಗೆ ಬಿಡುತ್ತದೆ. ಆದರೆ ಬೆಳೆ ಬಲಿತ ಮೇಲೆ ಆ ಉಂಗುರ ಗಟ್ಟಿಯಾಗಿಬಿಡುತ್ತದೆ, ಆಮೇಲೆ ಬಿದ್ದರೆ ಏಳುವುದಿಲ್ಲ. ಅಪ್ಪ ಬಗ್ಗಿ ಗೆಣ್ಣು ಹಿಸುಕಿ ನೋಡಿದ್ದು ಯಾಕೆ ಅಂತ ನನಗೆ ಅರ್ಥ ಆಗಿದ್ದು ಇಷ್ಟೆಲ್ಲ ಓದಿದ ಮೇಲೆ. ಅವರಿಗೆ ಪಿಷ್ಟ, ಆಕ್ಸಿನ್ ಯಾವುದೂ ಗೊತ್ತಿಲ್ಲ. ಎಲ್ಲಿ ನೋಡಬೇಕು ಅನ್ನುವುದು ಸರಿಯಾಗಿ ಗೊತ್ತಿತ್ತು.

ಇನ್ನೊಂದು ಮಾತು ರೈತರಿಗೆ. ಬುಡ ಕೊಳೆತು ಬಿದ್ದ ಜೋಳ ಬೇರೆ, ಗಾಳಿಗೆ ಬಿದ್ದ ಜೋಳ ಬೇರೆ. ಹಿಂಗಾರಿ ಜೋಳದಲ್ಲಿ ಕಾಳು ತುಂಬುವ ಹೊತ್ತಿಗೆ ನೀರಿನ ಕೊರತೆ ಆದರೆ ದಂಟಿನ ಬುಡ ಒಳಗಿನಿಂದ ಕೊಳೆತು ಕಪ್ಪಾಗಿ ಮುರಿಯುವ ರೋಗ ಬರುತ್ತದೆ. ಹಾಗೆ ಬಿದ್ದದ್ದನ್ನು ಕಾಯುತ್ತಾ ಕೂತು ಪ್ರಯೋಜನ ಇಲ್ಲ.

ಎಳ್ಳಮಾಸಿ ದಿನ ಮನೆಮಂದಿ ಎಲ್ಲ ಭಜ್ಜಿ, ಸಜ್ಜಿ ರೊಟ್ಟಿ, ಕಡುಬು ಕಟ್ಟಿಕೊಂಡು ಹೊಲಕ್ಕೆ ಹೋದೆವು. ಚರಗ ಚೆಲ್ಲಿ ಊಟ ಆದ ಮೇಲೆ ಅಣ್ಣನ ಮಗಳಿಗೆ ಬಾಗಿದ ಗೆಣ್ಣು ತೋರಿಸಿದೆ. ಅವಳಿಗೆ ಹತ್ತು ವರ್ಷ. ಕೂತು ಮುಟ್ಟಿ ಮುಟ್ಟಿ ನೋಡಿ, "ಕಾಕಾ, ಹಂಗಾದ್ರ ಶೇಂಗಾ?" ಅಂದಳು.

ಒಳ್ಳೆಯ ಪ್ರಶ್ನೆ. ಶೇಂಗಾ ಹೂ ಬಿಡುವುದು ನೆಲದ ಮೇಲೆ, ಕಾಯಿ ಆಗುವುದು ನೆಲದೊಳಗೆ. ಹೂವು ಫಲ ಕಟ್ಟಿದ ಮೇಲೆ ಅದರ ಬುಡದಿಂದ ಸೂಜಿಯ ಹಾಗೆ ಒಂದು ಕಡ್ಡಿ ಹೊರಟು, ನೇರ ಕೆಳಗೆ ಬಂದು, ಮಣ್ಣಿನೊಳಗೆ ಇಳಿಯುತ್ತದೆ. ಊಡು ಇಳಿಯುವುದು ಎನ್ನುತ್ತಾರಲ್ಲ, ಅದು. ಒಳಗೆ ಹೋಗಿ ಕತ್ತಲಾದ ಮೇಲೇ ತುದಿ ಊದಿ ಕಾಯಿ ಆಗುತ್ತದೆ. ಈ ಕಡ್ಡಿ ಬೇರಲ್ಲ. ಹೂವಿನ ಭಾಗ, ಮೇಲಿನ ಲೋಕದ್ದು. ಆದರೂ ಬೇರಿನ ಹಾಗೆ ಕೆಳಗೆ ಹೋಗುತ್ತದೆ, ತನ್ನ ತುದಿಯಲ್ಲಿ ಕಾಳಿನ ಮರಿಯನ್ನು ಹೊತ್ತುಕೊಂಡು. ಅದರ ಕೋಶಗಳಲ್ಲೂ ಬೀಳುವ ಪಿಷ್ಟ ಇದೆ. ಮೇಲೆ ಹೋಗುವ ಗಿಡದಲ್ಲೇ ಒಂದು ಅಂಗ, ಒಂದು ಹೊತ್ತಿನಲ್ಲಿ, ಇಲ್ಲ ನಾನು ಕೆಳಗೆ ಹೋಗುತ್ತೇನೆ ಅಂತ ತೀರ್ಮಾನ ಬದಲಿಸುತ್ತದೆ. ಹಾಗೆ ನೋಡಿದರೆ ಕೊಂಬೆಗಳೂ ಪೂರ್ತಿ ಮೇಲೆ ಹೋಗುವುದಿಲ್ಲ. ನಮ್ಮ ತೊಗರಿಯ ಕೊಂಬೆ ನೋಡಿ, ಒಂದು ಓರೆಯಲ್ಲಿ ನಿಲ್ಲುತ್ತದೆ. ತಾಯಿಬೇರು ನೇರ ಕೆಳಗೆ, ಪಕ್ಕದ ಬೇರು ಓರೆ. ಒಂದೊಂದು ಅಂಗಕ್ಕೂ ತನ್ನದೇ ಓರೆ ಗೊತ್ತಿದೆ, ಅದರಿಂದ ಸರಿಸಿದರೆ ಅಲ್ಲಿಗೇ ಮರಳುತ್ತದೆ. ಬದುವಿನ ಮೇಲೆ ವಾಲಿ ಬೆಳೆದ ಜಾಲಿಮರ ಕೂಡ ಇದನ್ನೇ ಮಾಡುತ್ತದೆ, ಕಾಂಡದ ಮೇಲಿನ ಮಗ್ಗುಲಿನಲ್ಲಿ ಜಗ್ಗಿ ಹಿಡಿಯುವ ಬೇರೆ ಥರದ ಕಟ್ಟಿಗೆ ಬೆಳೆಸಿಕೊಂಡು. ವರ್ಷಗಟ್ಟಲೆ ಹಿಡಿಯುತ್ತದೆ ಅಷ್ಟೇ.

"ಮತ್ತ ಭಾರನೇ ಇಲ್ಲದ ಕಡಿ ಬಿತ್ತಿದರ?" ಇದು ಅವಳ ಮುಂದಿನ ಪ್ರಶ್ನೆ. ಅದನ್ನೂ ಬಿತ್ತಿ ನೋಡಿದ್ದಾರೆ ಅಂತ ಹೇಳಿದೆ. 2024ರ ಡಿಸೆಂಬರ್ 30ರಂದು ಇಸ್ರೋ ಹಾರಿಸಿದ ಪಿಎಸ್‌ಎಲ್‌ವಿ ರಾಕೆಟ್ಟಿನ ಕೊನೆಯ ಹಂತದಲ್ಲಿ ಎಂಟು ಅಲಸಂದೆ ಕಾಳು ಇಟ್ಟು ಕಳಿಸಿದ್ದರು. ನಾಲ್ಕು ದಿನಕ್ಕೆ ಮೊಳಕೆ ಬಂತು, ಆಮೇಲೆ ಎಲೆಯೂ ಬಂತು. 2025ರ ಜೂನ್‌ನಲ್ಲಿ ಶುಭಾಂಶು ಶುಕ್ಲಾ ಬಾಹ್ಯಾಕಾಶ ನಿಲ್ದಾಣಕ್ಕೆ ಹೋದಾಗ ಹೆಸರುಕಾಳು, ಮೆಂತ್ಯ ಮೊಳಕೆ ಬರಿಸಿದರು. ಆ ಪ್ರಯೋಗ ನಮ್ಮ ಧಾರವಾಡದ್ದು, ಅಲ್ಲಿನ ಕೃಷಿ ವಿಶ್ವವಿದ್ಯಾಲಯ ಮತ್ತು ಐಐಟಿ ಸೇರಿ ಮಾಡಿದ್ದು. ಬಾಹ್ಯಾಕಾಶದಲ್ಲಿ ಪಿಷ್ಟದ ಚೀಲಗಳು ಬೀಳುವುದಿಲ್ಲ, ಕೋಶದೊಳಗೆ ತೇಲಾಡಿಕೊಂಡಿರುತ್ತವೆ. ಆಗ ಗಿಡ ಬೆಳಕು, ನೀರು, ತಾಗಿದ ಗೋಡೆ, ಸಿಕ್ಕ ಸುಳಿವನ್ನೆಲ್ಲ ಹಿಡಿದು ದಾರಿ ಹುಡುಕುತ್ತದೆ. ಅವಳು ಸ್ವಲ್ಪ ಹೊತ್ತು ಯೋಚಿಸಿ, "ಪಾಪ" ಅಂದಳು.

ಫೆಬ್ರುವರಿ ಕೊನೆಗೆ ಕೊಯ್ಲಾಯಿತು. ಎದ್ದ ಜೋಳದ ತೆನೆ ನಿಂತ ಜೋಳದಷ್ಟು ದೊಡ್ಡದಿರಲಿಲ್ಲ, ಆದರೆ ಕಾಳು ಬಿಳಿಯಾಗಿ, ಗಟ್ಟಿಯಾಗಿ ತುಂಬಿತ್ತು. ತಗ್ಗಿನಲ್ಲಿ ನೀರು ನಿಂತ ಕಡೆ ಬಿದ್ದವು ಏಳಲಿಲ್ಲ, ಅಲ್ಲಿ ಏನೂ ಸಿಗಲಿಲ್ಲ. ಕಣಿಕಿ ಸಿವುಡು ಕಟ್ಟುವಾಗ ಹೆಣ್ಣಾಳುಗಳು ಕಷ್ಟಪಟ್ಟರು, ಬುಡ ಎಲ್ಲ ಸೊಟ್ಟ, ಹಗ್ಗಕ್ಕೆ ಸರಿಯಾಗಿ ಕೂರುತ್ತಿರಲಿಲ್ಲ. ಅದರಲ್ಲಿ ನಾಲ್ಕು ಗೆಣ್ಣಿನ ಒಂದು ದಂಟನ್ನು ಆರಿಸಿ ಕಲಬುರಗಿಗೆ ತಂದಿದ್ದೇನೆ. ಈಗ ಅದು ಒಣಗಿ ಹಳದಿಯಾಗಿ ನನ್ನ ಮೇಜಿನ ಪಕ್ಕ ಗೋಡೆಗೆ ಒರಗಿದೆ, ಅದೇ ಬೆಣೆಗಳು ಹಾಗೇ ಉಳಿದಿವೆ.